ಟೈಪ್ ಅಕ್ಕೋರ ಪಾಲಿಸಿ

ವಿಮಲಾ ಕಾಂಬಳೆ ಅಕ್ಕೋರ ಬೆರಳುಗಳು ಸುಮ್ಮನೆ ಕೂತದ್ದನ್ನು ಒಂದೇ ಒಂದು ಸಲ ಬಿಟ್ಟರೆ ನಾನು ನೋಡಿದ್ದೇ ಇಲ್ಲ. ಎದುರಿಗೆ ಯಂತ್ರ ಇರಲಿ ಬಿಡಲಿ, ನೀವು ಆಡಿದ ಮಾತನ್ನೆಲ್ಲ ಅವು ಮೇಜಿನ ಮೇಲೋ, ತೊಡೆಯ ಮೇಲೋ, ಚಹಾದ ಬಸಿಯ ಅಂಚಿನ ಮೇಲೋ ಟೈಪ್ ಮಾಡುತ್ತಲೇ ಇರುತ್ತಿದ್ದವು. ನೀವು ತಡವರಿಸಿದರೆ ಬೆರಳೂ ತಡೆಯುತ್ತಿತ್ತು. ಸುಳ್ಳು ಹೇಳಿದರೆ ಬಲಗೈ ಕಿರುಬೆರಳು ಒಮ್ಮೆ ಆಚೆ ಸರಿದು ಬರುತ್ತಿತ್ತು, ತಪ್ಪು ಅಕ್ಷರ ಬಿದ್ದಾಗ ಹಿಂದಕ್ಕೆ ಸರಿಸುವ ಕೀಲಿ ಒತ್ತಿದ ಹಾಗೆ. "ನಿನ್ನೆ ಜ್ವರ ಬಂದಿದ್ದುವ್ರಿ ಅಕ್ಕೋರ, ಅದಕ್ಕ ಬರಲಿಲ್ಲ" ಎಂದು ನಾವು ಹೇಳುವಾಗ ನಮ್ಮ ಕಣ್ಣು ಅವರ ಮುಖದ ಮೇಲೆ ಇರುತ್ತಿರಲಿಲ್ಲ; ಆ ಕಿರುಬೆರಳಿನ ಮೇಲೆ ಇರುತ್ತಿತ್ತು.

ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಓಣಿಯಲ್ಲಿ, ಮಹಡಿಯ ಮೇಲೆ, ಹನ್ನೊಂದು ಯಂತ್ರಗಳ ಟೈಪಿಂಗ್ ಕ್ಲಾಸು ಅವರದು. ಮುಗದದ ಹೆಣ್ಣುಮಗಳು. ಊರಿನಲ್ಲಿ ಸಾಲಿ ಮುಗಿಸಿ, ಧಾರವಾಡದಲ್ಲಿ ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು, ತಾನೇ ಕ್ಲಾಸು ತೆರೆದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಬಂದ ಗಂಡುಗಳೆಲ್ಲಾ ನಿಮಿಷಕ್ಕ ಮೂವತ್ತ ಶಬ್ದದಾವ್ರು" ಅನ್ನುತ್ತಿದ್ದರು. ಗೋಡೆಯ ಮೇಲೆ ಬುದ್ಧನದೊಂದು ಪಟ, ಬಾಬಾಸಾಹೇಬರದೊಂದು ಪಟ, ಅವೆರಡರ ನಡುವೆ ಒಂದು ಗಡಿಯಾರ. ಗಡಿಯಾರಕ್ಕೆ ಮಾತ್ರ ದಿನಾಲೂ ಕೈಮುಗಿಯುತ್ತಾರೆ ಎಂದು ನಾವು ನಗಾಡುತ್ತಿದ್ದೆವು.

ಕೆಳಗೆ, ಅದೇ ಮನೆಯ ಮುಂದಿನ ಖೋಲಿಯಲ್ಲಿ, ಮಾಬೂಬಿ ಖಾಲಾ ಬ್ಲೌಸು, ಲಂಗ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಮಶೀನು, ಒಂದು ಟ್ರಂಕು ಹಿಡಿದುಕೊಂಡು ಬಾಡಿಗೆಗೆ ಬಂದವಳು. ಮೊದಲ ತಿಂಗಳು ಸೀಮೆಎಣ್ಣೆ ಸಿಗಲಿಲ್ಲ ಎಂದು ಇಬ್ಬರೂ ಒಂದೇ ಒಲೆಯ ಮೇಲೆ ಅಡುಗೆ ಮಾಡಿದರಂತೆ. ಮುಂದೆ ಸೀಮೆಎಣ್ಣೆ ಸಿಕ್ಕಿತು, ಗ್ಯಾಸೂ ಬಂತು, ಒಲೆ ಮಾತ್ರ ಎರಡಾಗಲಿಲ್ಲ. ಮೂವತ್ತಾರು ವರ್ಷ ಇಬ್ಬರೂ ಕೂಡಿ ಉಂಡರು, ಮೂವತ್ತಾರು ವರ್ಷ ಇಬ್ಬರೂ ಜಗಳಾಡಿದರು. ಖಾಲಾ ಅಕ್ಕೋರನ್ನು "ಅಕ್ಕಾ, ನೀ" ಅನ್ನುತ್ತಿದ್ದಳು. ಅಕ್ಕೋರು ಆಕೆಯನ್ನು "ಮಾಬೂ" ಅನ್ನುತ್ತಿದ್ದರು. ಮೇಲಿನ ಖಟಖಟ ಹೆಚ್ಚಾದರೆ ಕೆಳಗಿನಿಂದ ಕಟ್ಟಿಗೆಯ ಗಜ ಹಿಡಿದು ಛಾವಣಿಗೆ ಕುಟ್ಟುವುದು ಖಾಲಾನ ಪದ್ಧತಿ. "ನಿನ್ನ ಮಶೀನೇನು ಮೌನವ್ರತ ಹಿಡಿದೈತೇನ?" ಎಂದು ಮೇಲಿನಿಂದ ಅಕ್ಕೋರು ಕೂಗುವುದು.

ನಾನು ಅಲ್ಲಿ ಎರಡು ವರ್ಷ ಕಲಿತು, ಸೀನಿಯರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ. ಎರಡನೆಯ ಸಲ ಅಕ್ಕೋರು ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಶಿವಾನಂದ, ನಿನ್ನ ಬೆರಳಿಗೆ ಅಕ್ಷರ ಹತ್ತಂಗಿಲ್ಲೋ. ಬಾಯಿ ಮಾತ್ರ ಛಲೋ ಐತಿ. ಬಾಯಿ ನಡಿಯೋ ಕೆಲಸ ನೋಡ್ಕೋ" ಅಂದರು. ನಾನು ವಿಮಾ ಏಜೆಂಟ್ ಆದೆ.

ಆದವನೇ ಮೊದಲು ಹೋದದ್ದು ಅವರ ಹತ್ತಿರ. ಆಗ ಅವರಿಗೆ ಐವತ್ತರ ಒಳಗೆ. ಆರೋಗ್ಯ ಗಟ್ಟಿ, ಕಂತು ಕಡಿಮೆ, ಯಾವ ಕಂಪನಿಯೂ ಬಾಗಿಲು ತೆರೆದು ಕರೆಯುವ ವಯಸ್ಸು. ನಾನು ಅರ್ಧ ತಾಸು ಬಾಯಿಪಾಠ ಒಪ್ಪಿಸಿದೆ. ಅವರ ಬೆರಳು ಎಲ್ಲವನ್ನೂ ಮೇಜಿನ ಮೇಲೆ ಟೈಪ್ ಮಾಡಿಕೊಂಡವು.

"ಅಂದ್ರ, ನಾ ಸತ್ತ ಮ್ಯಾಲ ರೊಕ್ಕ ಬರ್ತೈತಿ."

"ಹೌದ್ರಿ ಅಕ್ಕೋರ."

"ಸತ್ತ ಮ್ಯಾಲ ಬಂದ ರೊಕ್ಕ ತಗೊಂಡು ನಾ ಏನ್ ಮಾಡ್ಲಿ? ಹೊಸಾ ರಿಬ್ಬನ್ ತರ್ಲೇನು? ಹೋಗು, ನಾಳೆ ಮದುವಿ ಆಗೋರ್ನ ಹಿಡಿ."

ಎದ್ದು ಬಂದೆ. ಇಪ್ಪತ್ತೈದು ವರ್ಷ ಅವರಲ್ಲಿ ಮತ್ತೆ ಆ ಮಾತು ತೆಗೆಯಲಿಲ್ಲ.

ಅಂಥವರು ಒಂದು ದಿನ ತಾವೇ ಫೋನು ಮಾಡಿ, "ಲಗೂನ ಬಾ. ನನಗೊಂದು ಪಾಲಿಸಿ ಬೇಕಾಗೈತಿ" ಅಂದರು. ಆಗ ಅವರಿಗೆ ಎಪ್ಪತ್ಮೂರು. ಸಕ್ಕರೆ ಕಾಯಿಲೆ ಇತ್ತು, ರಕ್ತದೊತ್ತಡ ಇತ್ತು, ಹಿಂದಿನ ವರ್ಷ ಸತ್ತೂರಿನ ಆಸ್ಪತ್ರೆಯಲ್ಲಿ ಎದೆಗೆ ಸ್ಟೆಂಟು ಹಾಕಿಸಿಕೊಂಡು ಬಂದಿದ್ದರು. ಏಜೆಂಟನೊಬ್ಬ ಕನಸಿನಲ್ಲಿ ಕಂಡರೂ ಬೆಚ್ಚಿ ಏಳಬೇಕಾದ ಗಿರಾಕಿ.

"ಅಕ್ಕೋರ, ಈ ವಯಸ್ಸಿಗೆ ಯಾರೂ ಕೊಡಂಗಿಲ್ರಿ" ಅಂದೆ.

"ಬಾಡಿಗಿ ಕೊಡಲಾರದಾಂವಗ ಮನಿ ಕೊಡಂಗಿಲ್ಲ ಅನ್ನೂದು ತಿಳೀತೈತಿ. ಸಾಯೋರಿಗೆ ಸಾವಿನ ವಿಮಾ ಕೊಡಂಗಿಲ್ಲ ಅಂದ್ರ ಮತ್ತ ಯಾರಿಗಪ್ಪ ಕೊಡ್ತಾರ?"

"ಸಾಯದವ್ರಿಗೆ ರೀ."

ಅವರು ನಕ್ಕರು. ಆದರೆ ಬಿಡಲಿಲ್ಲ. ನನ್ನ ಸ್ಕೂಟರಿನ ಹಿಂದೆ ಒಂದು ಕಡೆ ಕಾಲು ಹಾಕಿ ಕೂತು ಹುಬ್ಬಳ್ಳಿಯ ಇದ್ದಬದ್ದ ವಿಮಾ ಕಚೇರಿಗಳನ್ನೆಲ್ಲ ಹತ್ತಿ ಇಳಿದರು. ಒಂದು ಕಡೆ ಅರವತ್ತಕ್ಕೆ ಬಾಗಿಲು ಮುಚ್ಚಿತ್ತು, ಇನ್ನೊಂದು ಕಡೆ ಅರವತ್ತೈದಕ್ಕೆ. ಮೂರನೆಯ ಕಡೆ ಕುತ್ತಿಗೆಗೆ ಟೈ ಕಟ್ಟಿಕೊಂಡ ಅಧಿಕಾರಿಯೊಬ್ಬ ಬಹಳ ಮರ್ಯಾದೆಯಿಂದ ನೀರು ಕೊಟ್ಟು, "ಅಮ್ಮಾರ, ಈ ವಯಸ್ಸಿನಾಗ ಇದೆಲ್ಲಾ ಯಾಕ್ರಿ? ಆರಾಮ ಇರ್ರಿ" ಅಂದ. ಅಕ್ಕೋರು ನೀರು ಕುಡಿದು ಮುಗಿಸಿ, "ತಮ್ಮಾ, ಗೋಡಿ ಮ್ಯಾಲ ನಿಮ್ಮ ಕಂಪನಿದು ಬೋರ್ಡ್ ಹಾಕೀರಿ, ಜೀವನದ ಕೊನೀತನಕ ನಿಮ್ಮ ಜೊತಿ ಅಂತ. ಅರವತ್ತೈದರತನಕ ಅಂತ ತಿದ್ದಸ್ರಿ. ಒಂದ ಸಾಲಿನ ಕೆಲಸ" ಎಂದು ಎದ್ದರು.

ಕೊನೆಗೆ ಒಂದು ಸಿಕ್ಕಿತು. ಎಂಬತ್ತರವರೆಗೆ ಯಾರು ಬಂದರೂ ಖಾತ್ರಿಯಾಗಿ ಪಾಲಿಸಿ. ವೈದ್ಯಕೀಯ ಪರೀಕ್ಷೆ ಇಲ್ಲ, ಆರೋಗ್ಯದ ಬಗ್ಗೆ ಒಂದೇ ಒಂದು ಪ್ರಶ್ನೆಯೂ ಇಲ್ಲ. ಇಂಥ ದಾನಶೂರತ್ವದ ಕೆಳಗೆ ಸಣ್ಣ ಅಕ್ಷರ ಇರಲೇಬೇಕು, ಇತ್ತು. ಮೊದಲ ಎರಡು ವರ್ಷದೊಳಗೆ ಕಾಯಿಲೆಯಿಂದ ಸತ್ತರೆ ಕಟ್ಟಿದ ಕಂತಷ್ಟೇ ವಾಪಸು. ಪೂರ್ತಿ ಹಣ ಬರಬೇಕಾದರೆ ಎರಡು ವರ್ಷ ಬದುಕಬೇಕು. ಕಂತೂ ಜಬರ್ದಸ್ತು. ಐದಾರು ವರ್ಷ ಬದುಕಿದರೆ ಕಟ್ಟಿದ್ದೇ ಬರುವುದಕ್ಕಿಂತ ಹೆಚ್ಚಾಗುತ್ತದೆ.

ನಾನು ಏಜೆಂಟನಾಗಿ ನನ್ನ ಹೊಟ್ಟೆಯ ಮೇಲೆ ಕಲ್ಲು ಹಾಕಿಕೊಂಡು ಹೇಳಿದೆ: "ಅಕ್ಕೋರ, ಇದು ಬ್ಯಾಡ್ರಿ. ಅದ ರೊಕ್ಕ ಬ್ಯಾಂಕಿನ್ಯಾಗ ಠೇವು ಇಡ್ರಿ. ಬಡ್ಡಿನಾದ್ರೂ ಬರ್ತೈತಿ."

ಅವರು ಎದ್ದು ಹೋಗಿ ಮೆಟ್ಟಿಲ ಬಾಗಿಲು ಮುಂದಕ್ಕೆ ಹಾಕಿ ಬಂದರು. ಕೆಳಗೆ ಹೊಲಿಗೆ ಮಶೀನು ತಿರುಗುತ್ತಿತ್ತು.

"ಠೇವು ಇಟ್ಟಿದ್ದೆ. ಹೋದ ವರ್ಷ ನಾ ಆಸ್ಪತ್ರ್ಯಾಗ ಕಣ್ಣು ಮುಚ್ಚಿ ಮಲಗಿದಾಗ ಮಾಬೂ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿ ಅದನ್ನ ಮುರಿಸಿದಳು. ತನ್ನ ಕೈಯಾಗಿನ ಎರಡು ಬಳಿನೂ ಮಾರಿದಳು. ಎಲ್ಲಾ ನನ್ನ ಎದಿಗೆ ಹಾಕಿದಳು. ಮತ್ತ ಇಟ್ಟೆ ಅಂದ್ರ ಮತ್ತ ಅದನ್ನ ಮಾಡ್ತಾಳ. ನಾ ಹೋದ ದಿನ ಆಕಿ ಕೈಯಾಗ ಏನೂ ಇರಂಗಿಲ್ಲ." ಬೆರಳುಗಳು ಸೀರೆಯ ಅಂಚಿನ ಮೇಲೆ ಓಡುತ್ತಿದ್ದವು. "ಪಾಲಿಸಿ ರೊಕ್ಕ ಹಂಗಲ್ಲ ನೋಡು. ನಾ ಸತ್ತ ಮ್ಯಾಲ ಬರ್ತೈತಿ. ನನ್ನ ಮ್ಯಾಲ ಖರ್ಚು ಮಾಡಾಕ ಆಕಿಗೆ ಬರಂಗೇ ಇಲ್ಲ."

ಇಪ್ಪತ್ತೈದು ವರ್ಷ ಪಾಲಿಸಿ ಮಾರಿದ್ದೇನೆ. ಜೀವವಿಮೆಯ ಇಷ್ಟು ಸರಿಯಾದ ವಿವರಣೆಯನ್ನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ಫಾರ್ಮು ತೆಗೆದೆ.

ಫಾರ್ಮು ತುಂಬುವುದು ಅಂದರೆ ಅಕ್ಕೋರಿಗೆ ಪೂಜೆ. ಎಲ್ಲ ತುಂಬಿ, ಕೊನೆಗೆ ಒಂದು ಬೇರೆ ಹಾಳೆಯನ್ನು ಗುಂಡುಪಿನ್ನು ಹಾಕಿ ಲಗತ್ತಿಸಿದರು. ಓದಿದೆ. ಅವರ ಸಕ್ಕರೆಯ ಮಟ್ಟ, ರಕ್ತದೊತ್ತಡದ ಗುಳಿಗೆಗಳ ಹೆಸರು, ಸ್ಟೆಂಟು, ಬಲಗಿವಿ ಮಂದ, ಮೊಣಕಾಲು ನೋವು, ಎಲ್ಲವೂ ಕ್ರಮಸಂಖ್ಯೆ ಸಹಿತ ಟೈಪಾಗಿತ್ತು.

"ಅಕ್ಕೋರ, ಇದನ್ನ ಅವ್ರು ಕೇಳೇ ಇಲ್ರಿ!"

"ಕೇಳಿಲ್ಲ ಅಂದ್ರ ಮುಚ್ಚಿಡಬೇಕೇನು?"

ನಾನು ಎಷ್ಟು ಹೇಳಿದರೂ ಪಿನ್ನು ತೆಗೆಯಲಿಲ್ಲ. ಹದಿನೈದು ದಿನಕ್ಕೆ ಫಾರ್ಮು ವಾಪಸು ಬಂತು. ಪ್ರಶ್ನೆಯೇ ಇಲ್ಲದ ಪಾಲಿಸಿಗೆ ಉತ್ತರ ಬಂದದ್ದರಿಂದ ಕಂಪನಿ ದಿಕ್ಕೆಟ್ಟಿತ್ತು. ಆರೋಗ್ಯದ ಮಾಹಿತಿಯನ್ನು ತೆಗೆದುಹಾಕಿ ಹೊಸದಾಗಿ ಅರ್ಜಿ ಸಲ್ಲಿಸಬೇಕು ಎಂದು ಬರೆದಿದ್ದರು. "ಐವತ್ತು ವರ್ಷ ಹುಡುಗೂರಿಗೆ ಏನೂ ಬಿಡಬ್ಯಾಡ್ರಿ ಅಂತ ಕಲಿಸೇನಿ. ಈಗ ನನಗ ಬಿಡು ಅಂತ ಪತ್ರ ಬರೀತಾರ" ಎಂದು ಅಕ್ಕೋರು ಎರಡು ದಿನ ಮುಖ ಸಣ್ಣ ಮಾಡಿಕೊಂಡು ಕೂತರು. ಮೂರನೆಯ ದಿನ ತಾವೇ ಆ ಪಿನ್ನು ತೆಗೆದರು.

ಎರಡನೆಯ ಆಕ್ಷೇಪಣೆ ಇನ್ನೂ ದೊಡ್ಡದು. ನಾಮಿನಿ: ಮಾಬೂಬಿ. ಸಂಬಂಧ ಏನು ಎಂದು ಕೇಳಿದ್ದರು. ಅಕ್ಕೋರು ಮೊದಲ ಸಲ 'ಸಹವಾಸಿ' ಎಂದು ಬರೆದಿದ್ದರು, ಅದು ಅವರ ಪಟ್ಟಿಯಲ್ಲಿ ಇರಲಿಲ್ಲ. ಗಂಡ, ಹೆಂಡತಿ, ಮಗ, ಮಗಳು, ಸಹೋದರ, ಸಹೋದರಿ, ಇತರೆ. ಕಚೇರಿಯವನು ನನ್ನ ಕಿವಿಯಲ್ಲಿ, "ಸಹೋದರಿ ಅಂತ ಹಾಕ್ಬಿಡ್ರಿ ಸರ್, ಯಾರು ನೋಡ್ತಾರ" ಅಂದಿದ್ದ. ನಾನು ಅದನ್ನು ಅಕ್ಕೋರಿಗೆ ಹೇಳುತ್ತಿದ್ದಂತೆಯೇ ಅವರ ಕಿರುಬೆರಳು ಸರಿಯಿತು. ಅಲ್ಲಿಗೆ ಮುಗಿಯಿತು.

ಇದಕ್ಕೂ ದೊಡ್ಡ ವಿಘ್ನ ಕೆಳಗಿನ ಖೋಲಿಯಲ್ಲಿತ್ತು. ನಾಮಿನಿಯ ಆಧಾರ್ ಕಾರ್ಡು ಬೇಕಾಗಿತ್ತು. ಅದನ್ನು ಕೇಳಿದ ಕೂಡಲೇ ಖಾಲಾಗೆ ಎಲ್ಲ ಗೊತ್ತಾಯಿತು. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಳು.

"ನಿನ್ನ ಹೆಣದ ರೊಕ್ಕ ತಿಂದು ನಾ ಬದುಕಬೇಕೇನು? ಯಾರು ಕೇಳ್ಯಾರ ನಿನಗ? ನನ್ನ ಕೈ ಮುರದಾವೇನು?" ನನ್ನ ಕಡೆ ತಿರುಗಿ, "ನೀನೂ ಹಂಗ. ಉಂಡ ಮನ್ಯಾಗ ಸಾವಿನ ಕಾಗದ ತಂದಿಯಲ್ಲೋ!"

ಇಬ್ಬರ ಮಾತು ನಿಂತಿತು. ಖಾಲಾ ಅಡುಗೆಯನ್ನೇನೋ ಮಾಡುತ್ತಿದ್ದಳು, ಆದರೆ ಪಲ್ಯಕ್ಕೆ ಉಪ್ಪು ಹಾಕುವುದನ್ನು ಬಿಟ್ಟಳು. ಒಂದು ವಾರ ಅಕ್ಕೋರು ಸಪ್ಪೆ ಉಂಡರು. ಎಂಟನೆಯ ದಿನ ನಾನು ಹೋದಾಗ ಅಕ್ಕೋರು ರಕ್ತದೊತ್ತಡ ತಪಾಸಣೆ ಮಾಡಿಸಿಕೊಂಡು ಬಂದಿದ್ದರು. "ಡಾಕ್ಟರ್ ಬಾಳ ಖುಷಿ ಆಗ್ಯಾರ. ಹಿಂಗ ನಡಸ್ರಿ ಅಂದ್ರು" ಎಂದು ಕೆಳಗೆ ಕೇಳುವಷ್ಟು ಜೋರಾಗಿ ಹೇಳಿದರು. ಆಮೇಲೆ ಇನ್ನೂ ಜೋರಾಗಿ, "ಶಿವಾನಂದ, ಮಾಬೂ ಒಲ್ಲೆ ಅಂದ್ರ ಬ್ಯಾಡ. ನಾಮಿನಿ ಅಂತ ನಿನ್ನ ಹೆಸರ ಬರೀತೇನಿ."

ನಾನು ಗಾಬರಿಯಾಗಿ ಏಜೆಂಟನ ಹೆಸರು ಹಾಕಲು ಬರುವುದಿಲ್ಲ ಎನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಸಪ್ಪಳ. ಖಾಲಾ ಬಂದು ಆಧಾರ್ ಕಾರ್ಡನ್ನು ಮೇಜಿನ ಮೇಲೆ ಒಗೆದಳು.

"ಈತನ ಹೆಸರಿಗ್ಯಾಕ? ಎರಡ ಸಲ ಸೀನಿಯರ್ ಫೇಲಾದಾಂವ! ಬರ್ಕೋ ನಂದು. ಆದ್ರ ಒಂದು ಮಾತು ತಿಳ್ಕೋ ಅಕ್ಕಾ, ನಾನ ಮೊದಲ ಹೋಗ್ತೇನಿ. ನಿನ್ನ ರೊಕ್ಕೆಲ್ಲಾ ದಂಡ."

ಆ ದಿನ ಸಂಜೆ ಅಕ್ಕೋರು 'ಇತರೆ' ಎಂಬ ಕಾಲಮಿಗೆ ವಿವರಣೆ ಟೈಪ್ ಮಾಡಿದರು. ಪತ್ರದ ಒಂದು ಪ್ರತಿ ನನ್ನ ಹತ್ತಿರ ಇನ್ನೂ ಇದೆ. "ಮಾನ್ಯರೆ, ಸದರಿ ನಾಮಿನಿಯು ನನ್ನ ಅಡುಗೆಯವಳಲ್ಲ, ಈಗ ಬಾಡಿಗೆದಾರಳಲ್ಲ, ರಕ್ತಸಂಬಂಧಿಯೂ ಅಲ್ಲ. ನಾವು ಮೂವತ್ತು ವರ್ಷಗಳಿಂದ ಒಂದೇ ಒಲೆಯ ಅಡುಗೆ ಉಣ್ಣುತ್ತೇವೆ. ನಾನು ಆಸ್ಪತ್ರೆಯಲ್ಲಿದ್ದಾಗ ಹನ್ನೆರಡು ದಿನ ನನ್ನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಲಗಿದವಳು ಈಕೆ. ಈ ಸಂಬಂಧಕ್ಕೆ ತಮ್ಮ ಕಂಪನಿಯಲ್ಲಿ ಯಾವುದಾದರೂ ಹೆಸರಿದ್ದರೆ ತಾವೇ ತುಂಬಿಕೊಳ್ಳಬೇಕಾಗಿ ವಿನಂತಿ." ಕಂಪನಿಯಲ್ಲಿ ಹೆಸರಿರಲಿಲ್ಲ. 'ಇತರೆ' ಎಂದೇ ಪಾಲಿಸಿ ಬಂತು. ವಕೀಲರ ಸಲಹೆಯಂತೆ, ಹಣ ಮಾಬೂಬಿಗೇ ಸೇರಬೇಕೆಂದು ಒಂದು ಮೃತ್ಯುಪತ್ರವೂ ಆಯಿತು.

ಆಮೇಲಿನ ಎರಡು ವರ್ಷ ಅಕ್ಕೋರು ಬದುಕಿದ ರೀತಿಯನ್ನು ನೋಡಬೇಕಿತ್ತು. ಸಾಯುವುದಕ್ಕೆಂದು ಪಾಲಿಸಿ ತೆಗೆದುಕೊಂಡವರು ಸಾಯದಿರುವುದನ್ನೇ ಉದ್ಯೋಗ ಮಾಡಿಕೊಂಡರು. ಮಿರ್ಚಿ ಭಜಿ ಬಿಟ್ಟರು. ಚಹಾದ ಸಕ್ಕರೆ ಬಿಟ್ಟರು. ಗುಳಿಗೆಯ ಹೊತ್ತಿಗೆ ಗಡಿಯಾರದ ಎದುರು ನಿಂತಿರುತ್ತಿದ್ದರು. ಖಾಲಾ ಹಿಂದೆ ಬಡಕೊಂಡರೂ ಕೇಳದವರು ಈಗ ಮುಂಜಾನೆ ಎದ್ದು ತಾವೇ ಓಣಿಯ ತುದಿಯ ತನಕ ನಡೆದು ಬರುತ್ತಿದ್ದರು. "ಇಷ್ಟು ವರ್ಷ ನಾ ಹೇಳಿದ್ರ ಕಿವಿಗೆ ಹಾಕ್ಕೊಳ್ಳಲಿಲ್ಲ. ಕಂಪನಿಯಾಂವ ಹೇಳಿದ ಕೂಡಲೇ ಶ್ಯಾಣ್ಯಾಕಿ ಆಗ್ಯಾಳ" ಎಂದು ಖಾಲಾ ನನ್ನ ಹತ್ತಿರ ದೂರಿದಳು. ದನಿಯಲ್ಲಿ ದೂರು ಅಷ್ಟೇನೂ ಇರಲಿಲ್ಲ.

ಇಪ್ಪತ್ತನೆಯ ತಿಂಗಳು ಎದೆನೋವು ಬಂತು. ನಾನು ಆಸ್ಪತ್ರೆಗೆ ಹೋದಾಗ ಮೂಗಿಗೆ ನಳಿಗೆ ಹಾಕಿದ್ದರು. ಖಾಲಾ ಕಾಲ ಹತ್ತಿರ ಕೂತಿದ್ದಳು. ಅಕ್ಕೋರು ಕಣ್ಣಿನಿಂದಲೇ ನನ್ನನ್ನು ಹತ್ತಿರ ಕರೆದರು.

"ಎಷ್ಟು ದಿನ ಉಳದಾವು?"

ನಾನು ಆಸ್ಪತ್ರೆಯ ಗೋಡೆಯ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದೆ. "ನೂರಾ ಹದಿನೆಂಟ್ರಿ."

ಅಷ್ಟರಲ್ಲಿ ವೈದ್ಯರು ಬಂದರು. ಅಕ್ಕೋರು ಅವರ ಅಂಗಿಯ ತುದಿ ಹಿಡಿದು, "ಡಾಕ್ಟರ್, ನನಗ ನಾಕು ತಿಂಗಳು ಬೇಕ್ರಿ. ಅದರ ಮುಂದಿಂದು ನಿಮಗ ಬಿಟ್ಟದ್ದು" ಅಂದರು. ಇಂಥ ನಿರ್ದಿಷ್ಟ ಬೇಡಿಕೆಯನ್ನು ಆ ವೈದ್ಯರು ಹಿಂದೆ ಕೇಳಿರಲಾರರು. "ಬರೇ ನಾಕೇನ್ರಿ ಅಜ್ಜಿ?" ಎಂದು ನಕ್ಕರು. ಖಾಲಾ ನಗಲಿಲ್ಲ. ಮುಖಕ್ಕೆ ಸೆರಗು ಹಿಡಿದು ಹೊರಗೆ ಹೋದಳು. ವರಾಂಡದಲ್ಲಿ ನನಗೆ ಹೇಳಿದಳು: "ಆ ಕಾಗದ ಹರದ ಒಗಿ. ಆಕಿ ದಿನಾ ಎಣಸೂದು ನನಗ ನೋಡಾಕ ಆಗವಲ್ದು."

ನೂರಾ ಹದಿನೆಂಟೂ ಕಳೆದವು. ಎರಡು ವರ್ಷ ತುಂಬಿದ ಮರುದಿನ ಅಕ್ಕೋರು ನನ್ನನ್ನು ಊಟಕ್ಕೆ ಕರೆದರು. ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಜೊತೆಗೆ ಎರಡು ವರ್ಷಗಳ ನಂತರ ಮೊದಲ ಮಿರ್ಚಿ. ಮಿರ್ಚಿಯ ತೊಟ್ಟು ಹಿಡಿದು, "ಈಗ ಹೋಗಾಕ ಅಡ್ಡಿ ಇಲ್ಲ" ಅಂದರು. ಖಾಲಾ ತಾಟಿನಿಂದ ಆ ಮಿರ್ಚಿಯನ್ನು ಕಸಿದುಕೊಂಡು ತಾನೇ ತಿಂದಳು.

ಅಡ್ಡಿ ಏನೂ ಇರಲಿಲ್ಲ, ಆದರೆ ಅಕ್ಕೋರು ಹೋಗಲಿಲ್ಲ. ಆ ಎರಡು ವರ್ಷದ ಪಥ್ಯ ಮೈಗೆ ಹಿಡಿದುಬಿಟ್ಟಿತ್ತು. ಮೂರನೆಯ ವರ್ಷ ಆಯಿತು, ನಾಲ್ಕನೆಯದು, ಐದನೆಯದು. ಮೂರು ತಿಂಗಳಿಗೊಮ್ಮೆ ನಾನು ಕಂತು ಒಯ್ಯಲು ಹೋಗುವುದು, ಅವರು ತಮ್ಮ ಆರೋಗ್ಯದ ಬಗ್ಗೆ ನನ್ನ ಮುಂದೆ ಸಂಕೋಚಪಡುವುದು. ಆರನೆಯ ವರ್ಷಕ್ಕೆ, ಕಟ್ಟಿದ್ದು ಬರುವುದನ್ನು ಮೀರಿದ ದಿನ, ತಾವೇ ಲೆಕ್ಕದ ಹಾಳೆ ಟೈಪ್ ಮಾಡಿ ನನ್ನ ಮುಂದಿಟ್ಟರು.

"ನನ್ನಿಂದ ಕಂಪನಿಗೆ ಲಾಭ ಆಗಾಕತ್ತೈತೋ ಶಿವಾನಂದ. ನಾಚಿಕಿ ಬರ್ತೈತಿ. ಬದುಕಿ ಬದುಕಿ ಮಾಬೂಗ ಲುಕ್ಸಾನ ಮಾಡೇನಿ."

ಖಾಲಾ ಬಾಗಿಲಲ್ಲಿ ನಿಂತು ಗುಂಡಿ ಹಚ್ಚುತ್ತಿದ್ದಳು. ತಲೆ ಎತ್ತದೆ, "ಇಂಥಾ ಲುಕ್ಸಾನ ನನಗ ವರ್ಷಾ ಆಗ್ಲಿ" ಅಂದಳು.

ಅಕ್ಕೋರ ಬೆರಳು ಆ ಮಾತನ್ನು ಟೈಪ್ ಮಾಡತೊಡಗಿದವು, ನಡುವೆಯೇ ನಿಂತವು. ಅವು ಹಾಗೆ ನಿಂತದ್ದನ್ನು ನಾನು ಕಂಡದ್ದು ಆ ಒಂದೇ ಸಲ. ನಾನು ಅಕ್ಕೋರನ್ನು ಕಂಡದ್ದೂ ಅದೇ ಕೊನೆ. ಮುಂದಿನ ಕಂತಿಗೆ ಇನ್ನೂ ಹದಿನೈದು ದಿನ ಇರುವಾಗ, ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ಚಹಾ ತಂದ ಖಾಲಾ ಎರಡು ಸಲ ಕರೆದು, ಮೂರನೆಯ ಸಲ ಬಯ್ದಳಂತೆ.

ಕ್ಲೇಮು ಯಾವ ತಕರಾರೂ ಇಲ್ಲದೆ ಬಂತು. ಅಷ್ಟು ಸುಲಭವಾಗಿ ಬಂದದ್ದಕ್ಕೆ ನನಗೇ ಒಂದು ರೀತಿ ಬೇಜಾರಾಯಿತು. ಇನ್ನೊಂದು ಪತ್ರ ಟೈಪ್ ಮಾಡಿಸುವಂಥ ಆಕ್ಷೇಪಣೆಯನ್ನಾದರೂ ಅವರು ತೆಗೆಯಬೇಕಾಗಿತ್ತು. ಖಾಲಾ ಆ ಹಣವನ್ನು ಎರಡು ತಿಂಗಳು ಮುಟ್ಟಲಿಲ್ಲ. ಆಮೇಲೆ ಒಂದು ದಿನ ನನ್ನನ್ನು ಕರೆಸಿ, ಕಣ್ಣಿನ ಆಪರೇಷನ್ ಮಾಡಿಸಬೇಕು ಅಂದಳು. ಎರಡೂ ಕಣ್ಣಿಗೆ ಪೊರೆ ಬಂದು ಎಷ್ಟೋ ವರ್ಷವಾಗಿತ್ತಂತೆ. ಆಪರೇಷನ್ ಅಂದರೆ ತಿಂಗಳುಗಟ್ಟಲೆ ಹೊಲಿಗೆ ನಿಲ್ಲಬೇಕು, ಅಷ್ಟು ದಿನ ಕೂತು ಉಣ್ಣಲು ಕೈಯಲ್ಲಿ ಏನಾದರೂ ಇರಬೇಕು. ನನಗಾಗಲಿ ಗಿರಾಕಿಗಳಿಗಾಗಲಿ ಆಕೆಯ ಕಣ್ಣಿನ ಸುಳಿವೇ ಇರಲಿಲ್ಲ. ಗೊತ್ತಿದ್ದದ್ದು ಅಕ್ಕೋರಿಗೆ ಒಬ್ಬರಿಗೇ. ದಿನಾ ಮುಂಜಾನೆ ಕ್ಲಾಸಿಗೆ ಹುಡುಗರು ಬರುವ ಮೊದಲು, ಖಾಲಾ ಕೆಳಗಿನಿಂದ ಕರೆದ ಕೂಡಲೇ ಅವರು ಇಳಿದು ಬಂದು, ಆಕೆಗೆ ಆ ದಿನಕ್ಕೆ ಬೇಕಾದಷ್ಟು ಸೂಜಿಗಳಿಗೆ ದಾರ ಪೋಣಿಸಿ ಚುಚ್ಚಿಟ್ಟು ಹೋಗುತ್ತಿದ್ದರಂತೆ.

ಆಪರೇಷನ್ ಆಗಿ ತಿಂಗಳು ಕಳೆದ ಮೇಲೆ ನೋಡಲು ಹೋದೆ. ಖಾಲಾ ದಪ್ಪ ಕಪ್ಪು ಕನ್ನಡಕ ತೆಗೆದಿಟ್ಟು, ಬಾಗಿಲ ಬೆಳಕಿಗೆ ಸೂಜಿ ಹಿಡಿದು, ದಾರದ ತುದಿಯನ್ನು ನಾಲಿಗೆಗೆ ಹಚ್ಚಿಕೊಂಡಳು. ಒಂದೇ ಸಲಕ್ಕೆ ದಾರ ಒಳಗೆ ಹೋಯಿತು. ನಾನು ಖುಷಿಯಿಂದ, "ಛಲೋ ಆತಲ್ರಿ ಖಾಲಾ!" ಅಂದೆ.

ಆಕೆ ಸೂಜಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಛಲೋ ಆತು" ಅಂದಳು. "ಇನ್ನ ಮ್ಯಾಲ ಮುಂಜಾನೆದ್ದು ಯಾರ್ನೂ ಕರಿಯೂದು ಬ್ಯಾಡ."